ಚೆಲ್ಲಿದ ಚರಗಾ ಆರಿಸ್ಬ್ಯಾಡ್ರಿ, ಮಂದಿ ಮಾರಿ ಚೆಲ್ಲಬ್ಯಾಡ್ರಿ

ಹದಿನೈದು ದಿನ ಆಯ್ತು, ನಮ್ಮ ಹೆಣ್ಣಮಕ್ಕಳ ವಾಟ್ಸಾಪ್ ಗ್ರೂಪಿನಾಗ ಒಂದೇ ಮಾತು ನಡದದ: "ತೆಗದ್ಹಾಕು." ಬೀದರದಾಗ ನನ್ನ ನೆಗೆಣ್ಣಿ ಅಂತಾಳ ತೆಗದ್ಹಾಕು. ಭಾಲ್ಕಿಯಿಂದ ವೈನಿ ಅಂತಾಳ ತೆಗದ್ಹಾಕು. ಹೈದ್ರಾಬಾದದಾಗ ನೌಕರಿ ಮಾಡೋ ನನ್ನ ಮಗಳಂತೂ ಫೋನ್ ಹಚ್ಚಿ, "ಅವ್ವಾ, ಎಲ್ಲಾ ಫೋಟು ಇವತ್ತೇ ಡಿಲೀಟ್ ಮಾಡು, ಮಂದಿ ನಿನಗ ಲೂಟಿ ಮಾಡ್ಲತ್ತಾರ" ಅಂದ್ಳು. ಒಬ್ಬೊಬ್ಬರಿಗಿ ಬಾಯಿಲೇ ಹೇಳಿ ಹೇಳಿ ನನ್ನ ಗಂಟಲು ಒಣಗ್ಯದ. ಅದಕ್ಕ ಇಲ್ಲಿ ಬರೀಲತ್ತೀನಿ. ಎಲ್ಲಾರೂ ಕೂಡಿ ಓದ್ರಿ, ಆಮ್ಯಾಲ ಬೈರಿ.

ಗೊತ್ತಿಲ್ದವರಿಗಿ ಮೊದಲ ಸಂಗತಿ ಹೇಳ್ತೀನಿ. ಎರಡು ವರ್ಷದ ಹಿಂದ ಎಳ್ಳ ಅಮಾಸಿಗಿ ಭಾಲ್ಕಿಗಿ ತವರಿಗಿ ಹೋಗಿದ್ದೆ. ಹೊಲದಾಗ ಜ್ವಾಳದ ದಂಟಿನ ಕೊಂಪಿ ಹಾಕಿದ್ರು. ಅದರ ಮುಂದ ವೈನಿ ಮಾಡಿದ ಭಜ್ಜಿ ಗಡಿಗಿ ಇಟ್ಟಿದ್ಳು. ಹಸಿ ಕಡ್ಲಿ, ತೊಗರಿಕಾಳು, ಬಟಾಣಿ, ಗಜ್ಜರಿ, ಮೆಂತೆ, ಹುಣಸಿ ಹುಳಿ, ಕಡ್ಲಿಹಿಟ್ಟು ಎಲ್ಲಾ ಕೂಡಿ ಕುದ್ದ ಭಜ್ಜಿ. ಬಗಲಿಗಿ ಸಜ್ಜಿ ರೊಟ್ಟಿ, ಅಂಬಲಿ ಮಗಿ. ಬಿಸಿಲು ಹದವಾಗಿ ಬಿದ್ದಿತ್ತು. ನಾ ಫೋನಿನಾಗ ಒಂದು ಫೋಟು ಹೊಡದೆ. ಆ ಫೋಟು ವಿಕಿಮೀಡಿಯ ಕಾಮನ್ಸ್‌ದಾಗ ಹಾಕಿದೆ. ಈಗ ಹೋದ ತಿಂಗಳ ನೆಗೆಣ್ಣಿ ಎಲ್ಲೋ ಹೋಗಿ ಬರ್ತಾ ರೋಡಿನ ಬಾಜೂಕ ಒಂದು ಹೋಟೆಲಿನ ಮುಂದ ದೊಡ್ಡ ಫ್ಲೆಕ್ಸ್ ನೋಡ್ಯಾಳ. ಅದರ ಮ್ಯಾಲ ನಮ್ಮ ಭಜ್ಜಿ. ಅದೇ ಗಡಿಗಿ, ಗಡಿಗಿ ಅಂಚು ಒಡದದ್ದು ಸೈತ ಕಾಣ್ಲತ್ತದ. "ಇಲ್ಲಿ ಅಸ್ಸಲ್ ಬೀದರ ಭಜ್ಜಿ ಸಿಗ್ತದ" ಅಂತ ಬರದಾರ. ನನ್ನ ಹೆಸರಿಲ್ಲ, ವೈನಿ ಹೆಸರಿಲ್ಲ. ಅಷ್ಟೇ ಸಾಕಾಯ್ತು ನೋಡ್ರಿ, ಗ್ರೂಪಿನಾಗ ಬೆಂಕಿ ಹತ್ತಿತು.

ಕಾಮನ್ಸ್ ಅಂದ್ರ ಏನು ಅಂತ ಭಾಳ ಮಂದಿ ಕೇಳ್ಯಾರ. ಅದು ಜಗತ್ತಿಗೆಲ್ಲಾ ಕೂಡಿ ಇರೋ ಒಂದು ಫೋಟು ಉಗ್ರಾಣ. 2004ರ ಸಪ್ಟೆಂಬರದಾಗ ಚಾಲೂ ಆಗ್ಯದ. ಈಗ ಅದರಾಗ ಹತ್ತು ಕೋಟಿಗಿಂತ ಹೆಚ್ಚು ಫೋಟು, ವಿಡಿಯೊ, ಧ್ವನಿ ಅವ. ಕನ್ನಡ ವಿಕಿಪೀಡಿಯ 2003ರಿಂದ ಅದ, ಅದರಾಗ ನೀವು ನೋಡೋ ಚಿತ್ರ ಭಾಳಷ್ಟು ಈ ಉಗ್ರಾಣದಿಂದೇ ಬರ್ತಾವ. ಅಲ್ಲಿ ಫೋಟು ಇಡಬೇಕಂದ್ರ ಒಂದು ಕರಾರು ಅದ. ಇಡೋ ಮುಂದೇ ನಾವು ಬರಕೊಡಬೇಕು: ಈ ಫೋಟು ಯಾರು ಬೇಕಾದ್ರೂ ತಗೋಬಹುದು, ಛಾಪಿಸಬಹುದು, ಬದಲಿ ಮಾಡಬಹುದು, ಅದರಿಂದ ರೊಕ್ಕಾನೂ ಮಾಡ್ಕೋಬಹುದು. ನಾ ಒಪ್ಪಿದ ಕರಾರಿನಾಗ ಎರಡು ಶರ್ತ ಅವ. ತೆಗದವರ ಹೆಸರು ಹಾಕಬೇಕು. ಬದಲಿ ಮಾಡಿದ್ರ ಅದನ್ನೂ ಇದೇ ಕರಾರಿನ ಮ್ಯಾಲೇ ಕೊಡಬೇಕು. ಇದಕ್ಕ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಂತಾರ. ಇನ್ನೊಂದು ಮಾತು ಅದರಾಗ ಸ್ಪಷ್ಟ ಅದ: ಒಮ್ಮಿ ಕೊಟ್ಟ ಮ್ಯಾಲ ವಾಪಸ್ ತಗೊಳ್ಲಾಕ ಬರಲ್ಲ. "ವ್ಯಾಪಾರಕ್ಕ ಬ್ಯಾಡ" ಅನ್ನೋ ಲೈಸೆನ್ಸ್ ಬ್ಯಾರೆ ಅದ, ಆದ್ರ ಆ ತರದ ಫೋಟು ಕಾಮನ್ಸ್ ತಗೊಳ್ಳೋದೇ ಇಲ್ಲ. ನಾ ಇದೆಲ್ಲಾ ಓದೇ ಒಪ್ಪಿದ್ದೆ. ಯಾರೂ ನನಗ ಮೋಸ ಮಾಡಿಲ್ಲ.

ಈಗ ನಿಮಗೇ ಕೇಳ್ತೀನಿ. ಎಳ್ಳ ಅಮಾಸಿ ದಿನ ನಾವು ಹೊಲದಾಗ ಏನ್ ಮಾಡ್ತೀವಿ? ಚರಗಾ ಚೆಲ್ತೀವಿ. ಭೂಮ್ತಾಯಿಗಿ ಎಡಿ ಹಿಡದು, ಭಜ್ಜಿ ಕಡಬು ಕಲಸಿ, ಹೊಲದ ನಾಲ್ಕೂ ಕಡಿ ಚೆಲ್ಲಿ ಬರ್ತೀವಿ. ಅದು ಗುಬ್ಬಿ ತಿಂತೋ, ಕಾಗಿ ತಿಂತೋ, ಇರಬಿ ಒಯ್ತೋ, ಬಾಜೂ ಹೊಲದವರ ನಾಯಿ ನೆಕ್ತೋ, ಯಾರಾದ್ರೂ ತಿರುಗಿ ನೋಡ್ತೀರೇನು? "ಅಯ್ಯ, ಆ ಕಾಗಿ ನಮ್ಮ ಕಡಬು ತಿಂದು ಮ್ಯಾಲ ಮೈಗಿ ಹತ್ತಿಸ್ಕೊಳ್ಲತ್ತದ, ಆರಿಸ್ಕೊಂಡು ಬಾ" ಅಂತ ಯಾವ ಅತ್ತಿ ಆದ್ರೂ ಸೊಸಿಗಿ ಕಳಿಸ್ಯಾಳೇನು? ಚೆಲ್ಲಿದ ಮ್ಯಾಲ ಅದು ನಮ್ದಲ್ಲ. ನಮ್ದಲ್ಲ ಅಂಬೋದೇ ಅದರ ಪುಣ್ಯ. ನನ್ನ ಭಜ್ಜಿ ಫೋಟು ಹಾಂಗ ಚೆಲ್ಲಿದ ಚರಗಾ. ಹೋಟೆಲಿನವ ಅದರ ಮ್ಯಾಲ ನಾಲ್ಕು ರೂಪಾಯಿ ದುಡ್ಕೊಂಡ ಅಂದ್ರ ದುಡ್ಕೊಳ್ಲಿ.

"ಮತ್ತ ಹೆಸರು?" ಅಂತ ಕೇಳ್ತೀರಿ. ಬರೋಬ್ಬರಿ ಕೇಳ್ತೀರಿ. ಅಲ್ಲಿ ಅವಂದು ತಪ್ಪದ. ಗುಡಿಗಿ ಯಾರರೆ ಕೊಪ್ಪರಿಗಿ, ಪರಾತ ಕೊಟ್ಟಿದ್ರ ಅಂಚಿನ ಮ್ಯಾಲ ಹೆಸರು ಕೊರಸಿರ್ತಾರ. ಆ ಭಾಂಡಿ ಯಾರ ಮದಿವಿಗಿ ಬೇಕಾದ್ರೂ ಹೋಗ್ತದ, ಅದರಾಗ ಅಡಗಿ ಮಾಡಿ ಅಡಗಿಯವ ಪಗಾರ ತಗೊಂಡ್ರೂ ನಡೀತದ. ಆದ್ರ ಆ ಹೆಸರು ಒರೆಗಲ್ಲಿಲೆ ಉಜ್ಜಿ ಅಳಿಸಿದ್ರ ಅದು ಕಳವು. ಹೋಟೆಲಿನವ ಮಾಡಿದ್ದು ಅಂತಾದ್ದೇ. ಆದ್ರ ಯಾರೋ ಹೆಸರು ಉಜ್ಜಿದ್ರು ಅಂತ ನಾವು ಗುಡಿಗಿ ಹೋಗಿ, ಕೊಟ್ಟ ಭಾಂಡಿ ಎಲ್ಲಾ ಹೊತ್ಕೊಂಡು ಮನಿಗಿ ಬರ್ತೀವೇನು? ಹೆಸರು ಉಜ್ಜಿದವನ ಹತ್ರ ಹೋಗಿ ಕೇಳ್ತೀವಿ.

ನಾನೂ ಹೋಗಿ ಕೇಳಿದೆ. ಒಬ್ಬಾಕಿನೇ ಹೋಗಿದ್ದೆ, ನಿಮಗ ಹೇಳಿಲ್ಲ, ಹೇಳಿದ್ರ ಹತ್ತು ಮಂದಿ ಬರ್ತಿದ್ರಿ. ಅವ ಪಾಪ, "ಅಕ್ಕಾವ್ರೆ, ಫೋನಿನಾಗ ಹುಡ್ಕಿದ್ರ ಸಿಕ್ತು, ಫ್ಲೆಕ್ಸಿನವ ಹಾಕ್ದ" ಅಂದ. ಈ ಲೈಸೆನ್ಸಿನ ಈಗಿನ ರೂಪದಾಗ ಒಂದು ಛಲೋ ಮಾತದ: ಶರ್ತ ಮುರದ್ರ ಹಕ್ಕ ಹೋಗ್ತದ, ಆದ್ರ ತಪ್ಪು ಗೊತ್ತಾದ 30 ದಿನದಾಗ ತಿದ್ಕೊಂಡ್ರ ಹಕ್ಕ ತಾನೇ ವಾಪಸ್ ಬರ್ತದ. ಅದನ್ನೇ ಅವನಿಗಿ ತಿಳಿಸಿ ಹೇಳಿದೆ. ಎಂಟು ದಿನ ಬಿಟ್ಟು ಹೋದ್ರ ಫ್ಲೆಕ್ಸಿನ ಕೆಳಗ ಚೀಟಿ ಅಂಟಿಸ್ಯಾನ, ನನ್ನ ಹೆಸರು, ಕಾಮನ್ಸ್ ಹೆಸರು, ಲೈಸೆನ್ಸಿನ ಹೆಸರು. ಅಕ್ಷರ ಸಣ್ಣವು ಅವ, ಚಷ್ಮಾ ಹಾಕ್ಕೊಂಡೇ ಓದಬೇಕು, ಆದ್ರ ಅವ. ವೈನಿ ಮಾತ್ರ ಇನ್ನೂ ಸಿಟ್ಟಿನಾಗ ಇದ್ದಾಳ: "ಭಜ್ಜಿ ನಂದು, ಹೆಸರು ನಿಂದು!" ವೈನಿ, ಕಾಯ್ದಾ ಹಾಂಗೇ ಅದ, ನಾ ಏನ್ ಮಾಡ್ಲಿ. ಫೋಟು ತೆಗದಾಕಿಗಿ ಹಕ್ಕ, ಭಜ್ಜಿ ಮಾಡಿದಾಕಿಗಿ ಇಲ್ಲ. ಈ ಮಾತು ನೆನಪಿಟ್ಕೋರಿ, ಮುಂದ ಇದೇ ಮಾತಿಗಿ ಬರ್ತೀನಿ.

ತೆಗದ್ಹಾಕಿದ್ರ ಏನಾಗ್ತದ ಅಂಬೋದು ನಿಮಗ ಗೊತ್ತಿಲ್ಲ, ಅದಕ್ಕ ಸಲೀಸಾಗಿ ಅಂತೀರಿ. ಉಗ್ರಾಣದಾಗಿನ ಒಂದು ಫೋಟು ಕನ್ನಡ, ಉರ್ದು, ಮರಾಠಿ, ತೆಲುಗು ವಿಕಿಪೀಡಿಯ ಎಲ್ಲಾದಕ್ಕೂ ಒಂದೇ ಜಾಗಾದಿಂದ ಹೋಗ್ತದ. ಅಲ್ಲಿ ತೆಗದ್ರ ಎಲ್ಲಾ ಕಡಿ ಆ ಜಾಗಾ ಖಾಲಿ. ನಮ್ಮಂತಾ ಗಡಿ ಊರಿಗಿ ಇದು ಸಣ್ಣ ಮಾತಲ್ಲ. ಬೆಂಗಳೂರಿನದು ಒಂದು ಫೋಟು ಹೋದ್ರ ಸಾವಿರ ಅವ. ಅಷ್ಟೂರಿನ ಗುಂಬಜದ್ದು, ನೌಬಾದಿನ ಕರೇಜಿಂದು, ಬಿದರಿ ಸಾಮಾನು ಕಿಲ್ಲಾದ ಮಣ್ಣಿನಾಗ ಕಪ್ಪ ಮಾಡೋದ್ದು, ನಮ್ಮ ಭಜ್ಜಿದು ಎಷ್ಟು ಮಂದಿ ಹಾಕ್ತಾರ?

ನಮ್ಮ ಬೀದರದಾಗೇ ನೋಡ್ರಿ. ಮಹಮೂದ್ ಗವಾನ್ ಮದರಸಾ 1472ರಾಗ ಕಟ್ಟಿದ್ದು. 1696ರಾಗ ಮದ್ದು ಸಿಡದು ಅರ್ಧಾ ಮುಂಭಾಗ ಹೋಯ್ತು ಅಂತ ಇತಿಹಾಸದಾಗ ಹೇಳ್ತಾರ. ಎರಡು ಮಿನಾರಿನಾಗ ಒಂದೇ ಉಳದದ. ಹೋದ ಭಾಗದ ಮ್ಯಾಲ ಆ ನೀಲಿ ಹಳದಿ ಹಂಚು ಯಾವ ನಮೂನಿ ಇದ್ವು, ಯಾವ ಅಕ್ಷರ ಇತ್ತು, ಈಗ ಯಾರು ಹೇಳ್ಬೇಕು? ಯಜದಾನಿ ಸಾಹೇಬರು 1947ರಾಗ ಬೀದರದ ಇತಿಹಾಸ, ಕಟ್ಟಡದ ಮ್ಯಾಲ ದೊಡ್ಡ ಪುಸ್ತಕ ತಂದ್ರು, ಅದರಾಗ ಫೋಟು ಅವ. ಅದಕ್ಕ ಆಗ ಹ್ಯಾಂಗಿತ್ತು ಅಂಬೋದರೆ ಇವತ್ತು ನಮಗ ಗೊತ್ತಾಗ್ತದ. ಛಾಪಿಸಿದ ಫೋಟುಕ್ಕ ನಮ್ಮ ಕಾಯ್ದಾದಾಗ 60 ವರ್ಷ ಹಕ್ಕ ಇರ್ತದ, ಆಮ್ಯಾಲ ಅದು ಎಲ್ಲಾರದು. ಲೈಸೆನ್ಸ್ ಕೊಟ್ಟು ಇಟ್ಟೋರು ಆ ಅರವತ್ತು ವರ್ಷ ಕಾಯಿಸೋದು ಬ್ಯಾಡ ಅಂತ ಇವತ್ತೇ ಕೊಟ್ಟಾರ, ಅಷ್ಟೇ. ನಿಜಾಮರ ಕಾಲದಾಗ ಹೊರಗ ಉರ್ದು ಬೋರ್ಡು ಹಾಕಿ ಒಳಗ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರಿನವರು ನಾವು, ಭಾಲ್ಕಿಯವರು. ಕೊಟ್ಟ ಅಕ್ಷರ ಅವರು ವಾಪಸ್ ಕೇಳಿದ್ರೇನು?

"ಆದ್ರೂ ನಮ್ಮ ಫೋಟು ಮ್ಯಾಲ ಮಂದಿ ರೊಕ್ಕ ಮಾಡ್ತಾರಲ್ಲ" ಅಂತ ಮಗಳು ಅಂತಾಳ. ಅಮೆರಿಕಾದಾಗ ಕ್ಯಾರಲ್ ಹೈಸ್ಮಿತ್ ಅಂತ ಫೋಟು ತೆಗಿಯೋ ಹೆಣ್ಣಮಗಳು ಇದ್ದಾಳ. ಸಾವಿರಾರು ಫೋಟು ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ಸಿಗಿ ಪುಕಟ್ ಕೊಟ್ಟಾಳ. ಫೋಟು ಮಾರೋ ಕಂಪನಿ ಪರವಾಗಿ ಆಕಿಗೇ ಒಂದು ನೋಟಿಸು ಬಂತು, ಆಕಿ ಸ್ವಂತದ ಫೋಟು ತನ್ನದೇ ವೆಬ್‌ಸೈಟಿನಾಗ ಹಾಕ್ಕೊಂಡದ್ದಕ್ಕ 120 ಡಾಲರ್ ಕಟ್ಟು ಅಂತ. 2016ರಾಗ ಆಕಿ ಕೋರ್ಟಿಗಿ ಹೋದ್ಳು. ಎಲ್ಲಾರಿಗಿ ಕೊಟ್ಟ ಮ್ಯಾಲ ಅದರ ಮ್ಯಾಲ ಆಕಿಗಿ ಹಕ್ಕ ಉಳಿದಿಲ್ಲ ಅಂತ ಆಕಿ ದೂರಿನಾಗಿನ ದೊಡ್ಡ ಭಾಗ ಬಿತ್ತು. ನಮ್ಮ ಮಂದಿ ಇದ್ರ ಎದಿ ಬಡ್ಕೊಂಡು ಎಲ್ಲಾ ಫೋಟು ಹೊತ್ಕೊಂಡು ಬರ್ತಿದ್ರು. ಆಕಿ ಕೊಡೋದು ಬಿಡಲಿಲ್ಲ. ತಪ್ಪು ಮಾಡ್ದವನ ಕೂಡ ಜಗಳಾಡಿದ್ಳು, ಉಗ್ರಾಣಕ್ಕ ಬೆನ್ನು ತಿರುಗಿಸಲಿಲ್ಲ.

ಇಲ್ಲಿ ತನಕ ಓದಿ, "ಹಾಂಗಾದ್ರ ಒಮ್ಮಿ ಹಾಕಿದ್ದು ತೆಗಿಲೇಬಾರದು ಅಂತೀ" ಅಂದ್ಕೊಂಡೀರಿ. ಅಲ್ಲ. ಈಗ ಖರೆ ಮಾತಿಗಿ ಬರ್ತೀನಿ. ಇದು ಹೇಳ್ಲಾಕ ನನಗ ನಾಚಿಕಿ ಬರ್ತದ, ಆದ್ರೂ ಹೇಳ್ತೀನಿ.

ಔರಾದದಾಗ ನಮ್ಮ ಅಕ್ಕನ ಮನಿ ಬಾಜೂಕ ಒಬ್ಬಾಕಿ ಇದ್ದಾಳ. ನಾವೆಲ್ಲಾ ಕಾಕಿ ಅಂತೀವಿ. ಅರವತ್ತು ದಾಟ್ಯಾವ. ಆರು ಎಕರೆ ಹೊಲ, ಎರಡು ಎಮ್ಮಿ, ದುಡಿಯೋ ಮಗ, ಏನೂ ಕಮ್ಮಿ ಇಲ್ಲ. ಹೋದ ವರ್ಷ ಅಮರೇಶ್ವರ ಜಾತ್ರಿಗಿ ಹೋದಾಗ ಆಕಿ ಅಂಗಳದಾಗ ಬೇವಿನ ಗಿಡದ ಕೆಳಗ ಒಲಿ ಹೂಡಿ ರೊಟ್ಟಿ ಬಡೀಲತ್ತಿದ್ಳು. ಸೆರಗು ಜಾರಿತ್ತು, ಹಣಿ ಮ್ಯಾಲ ಬೆವರು, ಹೊಗಿಗಿ ಕಣ್ಣ ಸಣ್ಣ ಮಾಡಿದ್ಳು, ಒಲಿ ಬೆಳಕು ಮಾರಿ ಮ್ಯಾಲ ಬಿದ್ದಿತ್ತು. ಅಷ್ಟು ಛಂದ ಫೋಟು ನಾ ಜನ್ಮದಾಗ ತೆಗದಿಲ್ಲ. "ಕಾಕಿ ಒಂದು ಫೋಟು" ಅಂದೆ, ಆಕಿ ನಕ್ಕಳು. ಅಷ್ಟೇ. ಕಾಮನ್ಸಿಗಿ ಹಾಕ್ತೀನಿ, ಜಗತ್ತೆಲ್ಲಾ ತಗೋಬಹುದು, ಅಂತ ನಾ ಹೇಳ್ಲಿಲ್ಲ. ಹೇಳಬೇಕು ಅಂಬೋದು ತಲಿಗೇ ಬರಲಿಲ್ಲ. "ಜೋಳದ ರೊಟ್ಟಿ ಬಡಿಯುತ್ತಿರುವ ಮಹಿಳೆ, ಔರಾದ" ಅಂತ ಬರದು ಹಾಕಿದೆ.

ಆರು ತಿಂಗಳಿಗಿ ಎಲ್ಲಿಯವರೋ ಒಂದು ಸಂಸ್ಥೆಯವರು ಆ ಫೋಟು ತಗೊಂಡು ಚಂದಾ ಕೇಳೋ ಪೋಸ್ಟರ್ ಮಾಡಿದ್ರು. ಈ ಹಸಿದ ತಾಯಿಗಿ ಒಂದು ಹೊತ್ತಿನ ಊಟ ಕೊಡ್ರಿ ಅಂಬೋ ಅರ್ಥದ್ದು. ಅದು ಫೋನಿಂದ ಫೋನಿಗಿ ಹಾರಿ ಉದಗೀರದಾಗ ಕಾಕಿ ಬೀಗರ ಕೈಗಿ ಹೋಯ್ತು. ಬೀಗರು ಕಾಕಿ ಮಗನಿಗಿ ಫೋನ್ ಮಾಡಿ ಕೇಳ್ಯಾರ, "ಯಾಕಪಾ, ಅವ್ವಗ ಕೂಳು ಹಾಕ್ಲತ್ತಿಲ್ಲೇನು?" ಮಗ ಮನಿಗಿ ಬಂದು ಅವ್ವನ ಮ್ಯಾಲ ಹರಿಹಾಯ್ದ. ಆಮ್ಯಾಲ ನಮ್ಮ ಅಕ್ಕನ ಮನಿಗಿ ಬಂದು ಬಾಗಲದಾಗ ನಿಂತು ಬೈದ. ಅವತ್ತಿಂದ ಆ ಎರಡು ಮನಿ ನಡುವ ಮಜ್ಜಿಗಿ ತಂಬಿಗಿ ಹೋಗೋದು ಬಂದಾಗ್ಯದ.

ಕಾಕಿ ನನಗ ಫೋನ್ ಹಚ್ಚಿದ್ಳು. ಬೈಲಿಲ್ಲ. "ಯವ್ವಾ, ನಾ ಹಸದೀನಿ ಅಂತ ನಿನಗ ಯಾರಂದ್ರು?" ಅಂದ್ಳು. ನಾ ಏನಂದೆ ಗೊತ್ತೇನು? "ಕಾಕಿ, ಅದು ಲೈಸೆನ್ಸ್ ಇರ್ತದ, ಒಮ್ಮಿ ಕೊಟ್ಟ ಮ್ಯಾಲ ವಾಪಸ್ ಬರಲ್ಲ" ಅಂದೆ. ಆಕಿ ಜರಾ ಹೊತ್ತು ಸುಮ್ಮನಿದ್ದು, "ಕೊಟ್ಟದ್ದು ಯಾರು?" ಅಂದ್ಳು. ನನ್ನ ಹತ್ರ ಉತ್ತರ ಇರಲಿಲ್ಲ.

ಈ ಸುದ್ದಿ ಆವಾಗೇ ಗ್ರೂಪಿನಾಗ ಬಂದಿತ್ತು. ನೆನಪದೇನು? ಅವತ್ತು ಯಾರು "ತೆಗದ್ಹಾಕು" ಅಂದ್ರಿ? ಯಾರೂ ಅನ್ಲಿಲ್ಲ. "ಹೋಗ್ಲಿ ಬಿಡು, ಎರಡು ದಿನಕ್ಕ ಮರೀತಾರ." "ಆಕಿಗೇನ್ ಫೋನ್ ನೋಡ್ಲಾಕ ಬರ್ತದ?" "ಫೋಟು ಛಲೋ ಬಂದದ, ಯಾಕ ತೆಗೀತಿ?" ಇವು ನಿಮ್ಮವೇ ಮಾತು. ನಾನೂ ಹೂಂ ಅಂದೆ, ನಾ ಬ್ಯಾರೆ ಅಲ್ಲ. ಈಗ ಭಜ್ಜಿ ಗಡಿಗಿ ಒಬ್ಬ ಹೋಟೆಲಿನವ ಹಾಕ್ಕೊಂಡ ಅಂದ್ರ ಊರೆಲ್ಲಾ ಕೂಡಿ ಒದರ್ಲತ್ತೀರಿ. ಗಡಿಗಿಗಿ ಇರೋ ಇಜ್ಜತ್ ಕಾಕಿ ಮಾರಿಗಿ ಇಲ್ಲೇನ್ರೇ? ನಮ್ಮ ಹೆಸರು ಹೋದ್ರ ಲೂಟಿ, ಆಕಿ ಮರ್ಯಾದಿ ಹೋದ್ರ ಹೋಗ್ಲಿ ಬಿಡು? ನಾವು ಪೂರಾ ಉಲ್ಟಾ ಮಾಡೀವಿ. ಇಡಬೇಕಾದ್ದು ತೆಗಿ ಅಂತೀವಿ, ತೆಗಿಬೇಕಾದ್ದು ಇಡು ಅಂತೀವಿ.

ಭಜ್ಜಿ ಫೋಟು ಕೊಡೋ ಹಕ್ಕ ನನಗಿತ್ತು, ಕೊಟ್ಟೆ, ಮುಗೀತು. ಕಾಕಿ ಮಾರಿ ಕೊಡೋ ಹಕ್ಕ ನನಗ ಎಂದೂ ಇರಲಿಲ್ಲ. ಕಾಗದದ ಮ್ಯಾಲ ಇತ್ತು, ಅದು ಬ್ಯಾರೆ. ನಮ್ಮ ಹೊಲದ ಚರಗಾ ಚೆಲ್ಲಬೇಕು, ಬಾಜೂ ಹೊಲದ ತೆನಿ ಮುರದು ತಂದು ಚೆಲ್ಲಿ ಪುಣ್ಯ ನಂದು ಅನ್ನಬಾರದು.

ಕಾಗದದ ಮ್ಯಾಲ ಅಂದೆ. ಆ ಕಾಗದಾನೂ ಜರಾ ನೋಡ್ರಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದಾ 1957ರದ್ದು. ಅದರ ಲೆಕ್ಕದಾಗ ಫೋಟುದ ಮಾಲಕ ಯಾರು? ತೆಗದವ. ರೊಕ್ಕ ಕೊಟ್ಟು ತೆಗಿಸಿದ್ರ, ಬ್ಯಾರೆ ಕರಾರು ಇಲ್ಲಂದ್ರ, ರೊಕ್ಕ ಕೊಟ್ಟವ. ಈಗ ಮದಿವಿ ಫೋಟು ತಗೋರಿ. ಮಾರಿ ಮದಲಗಿತ್ತಿದು, ಕ್ಯಾಮರಾ ಸ್ಟುಡಿಯೊದವಂದು, ರೊಕ್ಕ ಅಪ್ಪಂದು. ಮಾಲಕಿ ಹಕ್ಕಿನ ಸಾಲಿನಾಗ ಮದಲಗಿತ್ತಿ ಹೆಸರೇ ಇಲ್ಲ! ವೈನಿ ಭಜ್ಜಿದೂ ಹಾಂಗೇ ಆಯ್ತು, ಆದ್ರ ಭಜ್ಜಿಗಿ ನಾಚಿಕಿ ಇಲ್ಲ, ಬೀಗರಿಲ್ಲ. ಮನಷಾಗ ಅವ.

ಇದು ನಮ್ಮ ಔರಾದದ ಗೋಳು ಅಷ್ಟೇ ಅಲ್ಲ. 2007ರಾಗ ಅಮೆರಿಕಾದ ಟೆಕ್ಸಸ್ ಕಡಿ ಒಬ್ಬ ಹುಡಗಿಗಿ ಹಿಂಗೇ ಆಗ್ಯದ. ಚರ್ಚಿನವರು ಕಾರು ತೊಳಿಯೋ ಕಾರ್ಯಕ್ರಮ ಇಟ್ಟಿದ್ರು, ಅಲ್ಲಿ ಪರಿಚಯದವರೇ ಆಕಿ ಫೋಟು ತೆಗದು ಫ್ಲಿಕರ್‌ದಾಗ ಇದೇ ತರದ ಪುಕಟ್ ಲೈಸೆನ್ಸಿನ ಮ್ಯಾಲ ಹಾಕಿದ್ರು. ಆಸ್ಟ್ರೇಲಿಯಾದ ವರ್ಜಿನ್ ಮೊಬೈಲ್ ಕಂಪನಿ ಅದನ್ನ ತಗೊಂಡು ಬಸ್ ಸ್ಟ್ಯಾಂಡಿನ ಜಾಹೀರಾತಿನಾಗ ಆಕಿಗಿ ನಗಚಾಟಿಕಿ ಮಾಡೋ ಹಾಂಗ ಹಾಕಿತು. ಮನಿಯವರು ಕೇಸ್ ಹಾಕಿದ್ರು. ಆ ಕಂಪನಿ ಮ್ಯಾಲ ವಿಚಾರಣಿ ಮಾಡೋ ಅಧಿಕಾರ ನಮಗಿಲ್ಲ ಅಂತ ಅಲ್ಲಿಯ ಕೋರ್ಟು 2009ರಾಗ ಕೈ ಬಿಟ್ಟಿತು. ಲೈಸೆನ್ಸ್ ಕೊಟ್ಟವ ಫೋಟು ತೆಗದವ. ಮಾರಿ ಆ ಹುಡಗಿದು. ಅಷ್ಟು ದೊಡ್ಡ ದೇಶದಾಗೂ ಕಾಕಿ ಕೇಳಿದ ಪ್ರಶ್ನಿನೇ ಉಳೀತು: ಕೊಟ್ಟದ್ದು ಯಾರು?

ನಮ್ಮ ಕಡಿ ಒಂದು ಆಸರಾ ಅದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಾಗ, 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರು ಒಮ್ಮತದಿಂದ ಹೇಳ್ಯಾರ, ಖಾಸಗಿತನ ಅಂಬೋದು ಮೂಲಭೂತ ಹಕ್ಕು ಅಂತ. ಹಕ್ಕು ಕೋರ್ಟಿನಾಗ ಬರದದ ಖರೆ. ಅದು ಅಂಗಳದಾಗ ಬರಬೇಕಂದ್ರ ಫೋನ್ ಹಿಡದ ನಾವೇ ತರಬೇಕು.

ಉಗ್ರಾಣದ ನಿಯಮಕ್ಕೂ ನಂದೊಂದು ತಕರಾರು ಅದ. ಫೋಟುದಾಗ ಮಂದಿ ಮಾರಿ ಕಂಡ್ರ ಏನ್ ಮಾಡಬೇಕು ಅಂತ ಅಲ್ಲಿ ಸೂಚನಿ ಅವ, ಇಲ್ಲ ಅನ್ನಲ್ಲ. ಮನಿ ಒಳಗ, ಖಾಸಗಿ ಜಾಗಾದಾಗ ತೆಗದ್ರ ಒಪ್ಪಿಗಿ ಇರಬೇಕು ಅಂತಾರ. ರಸ್ತಾ, ಬಜಾರ, ಜಾತ್ರಿಯಂತಾ ಜಾಗಾಕ್ಕ ದೇಶದ ಕಾಯ್ದಾ ನೋಡ್ತಾರ, ಭಾಳಷ್ಟು ಕಡಿ ಒಪ್ಪಿಗಿ ಕೇಳಲ್ಲ. ಇರ್ಲಿ. ಆದ್ರ ನಮ್ಮ ಅಂಗಳ ಯಾವುದು? ರಸ್ತಾದಿಂದ ಕಾಣ್ತದ, ಕಂಪೌಂಡ್ ಇಲ್ಲ, ಗೇಟ್ ಇಲ್ಲ. ಹಾಂಗಂತ ಅದು ಬಜಾರ ಆಯ್ತೇನು? ನಾವು ಅಲ್ಲೇ ತಲಿ ಬಾಚ್ಕೋತೀವಿ, ಕೂಸಿಗಿ ಎರೀತೀವಿ, ಶಂಡಿಗಿ ಹಾಕ್ತೀವಿ. ಹೋಗೋರು ಬರೋರು ನೋಡ್ತಾರ, ಆದ್ರ ನೋಡಿ ಮುಂದ ಹೋಗ್ತಾರ, ಅದೇ ನಮ್ಮ ಊರಿನ ನಿಯಮ. ಅಂಗಳ ಬಜಾರಲ್ಲ. ಕಾಂಪೌಂಡ್ ಕಟ್ಟಿಸೋ ಶಕ್ತಿ ಇದ್ದವರಿಗಿ ಒಂದು ಮರ್ಯಾದಿ, ಇಲ್ದವರಿಗಿ ಒಂದು ಅಂಬೋ ನಿಯಮ ಅದು.

ಒಂದು ಉದಾಹರಣಿ ಹೇಳ್ತೀನಿ. ಅದೇ ಜಾತ್ರ್ಯಾಗ ಸ್ವಾಗತ ಫ್ಲೆಕ್ಸಿಂದೂ ಒಂದು ಫೋಟು ಹಾಕಿದ್ದೆ. ಅದು ತೆಗದ್ರು, ಬರೋಬ್ಬರಿ ತೆಗದ್ರು, ತಪ್ಪು ನಂದು. ನಮ್ಮ ದೇಶದ ಕಾಯ್ದಾದಾಗ ಮಂದಿ ಜಾಗಾದಾಗ ಖಾಯಂ ನಿಂತ ಮೂರ್ತಿ, ಕಟ್ಟಡದ ಫೋಟು ತೆಗೀಬಹುದು. ಬಸವಕಲ್ಯಾಣದ 108 ಅಡಿ ಬಸವಣ್ಣನ ಮೂರ್ತಿ ನಡೀತದ, ಆದ್ರ ಫ್ಲೆಕ್ಸ್, ಗ್ವಾಡಿ ಮ್ಯಾಲಿನ ಚಿತ್ರ ನಡಿಯಲ್ಲ, ಅದರ ಹಕ್ಕ ಚಿತ್ರ ಮಾಡಿದವಂದು. ಹಕ್ಕಿನ ಬಗ್ಗೆ ಗಟ್ಟಿ ಅನುಮಾನ ಇದ್ರ, ಇಡೋದಕ್ಕಿಂತ ತೆಗಿಯೋದು ಛಲೋ ಅಂಬೋದು ಅಲ್ಲಿಯ ಧೋರಣಿ. ಛಲೋ ಧೋರಣಿ. ಫ್ಲೆಕ್ಸ್ ಮಾಡಿದವನ ಹಕ್ಕಿಗಿ ಇಷ್ಟು ಹುಷಾರಿ ಇರೋದಾದ್ರ, ಅದರಲ್ಲಿ ಅರ್ಧಾ ಹುಷಾರಿ ರೊಟ್ಟಿ ಬಡಿಯೋಳ ಮಾರಿಗೂ ಇರ್ಲಿ. ಅನುಮಾನದ ಲಾಭ ಆಕಿಗಿ ಸಿಗ್ಲಿ. ಅಷ್ಟೇ ನಾ ಕೇಳೋದು.

ಕಾಕಿ ಫೋಟು ಏನಾಯ್ತು ಅಂತ ಕೇಳ್ತೀರಿ. ಹಾಕಿದ 7 ದಿನದ ಒಳಗ ಹಾಕಿದವರೇ ಕೇಳಿ, ಅದು ಎಲ್ಲೂ ಬಳಕಿ ಆಗಿಲ್ಲಂದ್ರ, ಸಲೀಸಾಗಿ ತೆಗೀತಾರ. ಆ ಗಡು ಎಂದೋ ದಾಟಿತ್ತು. ದಾಟಿದ ಮ್ಯಾಲ ಕಾರಣ ಬರದು ಅರ್ಜಿ ಹಾಕಬೇಕು, ಸಾಮಾನ್ಯವಾಗಿ 7 ದಿನ ಚರ್ಚೆಗಿ ಇಡ್ತಾರ, ಯಾರು ಬೇಕಾದ್ರೂ ಮಾತಾಡಬಹುದು, ಕಡೀಗಿ ನಿರ್ವಾಹಕರು ತೀರ್ಮಾನ ಮಾಡ್ತಾರ. "ನನಗ ಮನಸು ಬದಲಿ ಆಯ್ತು" ಅಂದ್ರ ಸಾಲಲ್ಲ. ನಾ ಇದ್ದದ್ದು ಇದ್ದಾಂಗ ಬರದೆ: ಆಕಿ ಅಂಗಳದಾಗ ತೆಗದದ್ದು, ಆಕಿ ಜಗತ್ತಿಗಿ ಕೊಡು ಅಂದಿಲ್ಲ, ಆಕಿ ಮರ್ಯಾದಿಗಿ ಧಕ್ಕೆ ಆಗ್ಯದ, ತಪ್ಪು ನಂದು. ತೆಗದ್ರು.

ಆದ್ರ ಹಾರಿ ಹೋದದ್ದು ಬರಲಿಲ್ಲ. ಉಗ್ರಾಣದಿಂದ ತೆಗದ್ರೂ ಮೊದಲೇ ತಗೊಂಡು ಹೋದವರ ಹತ್ರ ಲೈಸೆನ್ಸ್ ಇರ್ತದ. ಆ ಸಂಸ್ಥೆಯವರಿಗಿ ಎರಡು ಸಲ ಬರದೀನಿ, ಉತ್ತರ ಇಲ್ಲ. ಪೋಸ್ಟರ್ ಇನ್ನೂ ಎಲ್ಲೋ ಒಂದು ಫೋನಿನಾಗ ತಿರುಗ್ಲತ್ತದ. "ಹಾಂಗಾದ್ರ ತೆಗದು ಏನು ಫಾಯಿದಾ?" ಅಂದ್ಳು ನೆಗೆಣ್ಣಿ. ಫಾಯಿದಾ ಅದ. ನಾಳಿ ಹೊಸಾದಾಗಿ ಹುಡುಕೋನಿಗಿ ಅಲ್ಲಿ ಸಿಗಲ್ಲ. ಮನ್ಯಾಗ ನೀರು ಹೊಕ್ಕಿದ್ದು ಎಲ್ಲಾ ಬತ್ತಲಿಲ್ಲ ಅಂತ ನಳ ಬಂದ್ ಮಾಡೋದು ಬಿಡ್ತೀವೇನು?

ಇನ್ನ "ಹಿಂಗಂದ್ರ ಮಂದಿ ಫೋಟುನೇ ತೆಗಿಬಾರದು" ಅಂತ ಮಗಳು ಅಂದ್ಳು. ತೆಗಿಬೇಕು, ಕೇಳಿ ತೆಗಿಬೇಕು. "ಒಂದು ಫೋಟು" ಅಂತಲ್ಲ, ಪೂರಾ ಕೇಳಬೇಕು: ಇದು ಎಲ್ಲಾರೂ ನೋಡ್ತಾರ, ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಹಾಕ್ತಾರ, ಆಮ್ಯಾಲ ವಾಪಸ್ ಬರಲ್ಲ, ನಡೀತದೇನು? ಆಗ ಆಕಿ "ಹಾಕು" ಅಂದ್ರ ಹಾಕ್ರಿ, ಅದು ಆಕಿನೇ ಚೆಲ್ಲಿದ ಚರಗಾ. "ಬ್ಯಾಡ" ಅಂದ್ರ ಕೈ ತೆಗೀರಿ, ರೊಟ್ಟಿ ತೆಗೀರಿ, ಒಲಿ ತೆಗೀರಿ. ಬಡಿಯೋ ಕೈಯಾಗೂ ರೊಟ್ಟಿ ಕಾಣ್ತದ. ಮತ್ತ ನಿಮ್ಮ ಸೊಸಿ ತೆಗದ ಫೋಟು ನಿಮ್ಮ ಹೆಸರಿನ ಮ್ಯಾಲ ಹಾಕಬ್ಯಾಡ್ರಿ, ಅದು ಆಕಿದು. ವಾಟ್ಸಾಪಿನಾಗ ಬಂದದ್ದಂತೂ ಹಾಕಲೇಬ್ಯಾಡ್ರಿ. ಯಾರು ತೆಗದ್ರು ಅಂಬೋ ಗುರ್ತು ವಾಟ್ಸಾಪ್ ಅಳಸಿ ಹಾಕ್ತದ, ಫೋಟು ಸಣ್ಣದು ಮಾಡ್ತದ, ಅಲ್ಲಿಯವರಿಗಿ ನೋಡಿದ ಕೂಡ್ಲೇ ಅನುಮಾನ ಬರ್ತದ.

ಹೋದ ಐತವಾರ ನನ್ನ ಫೋಟು ಎಲ್ಲಾ ಒಂದೊಂದೇ ತೆಗದು ನೋಡಿದೆ. ಮಾರಿ ಸ್ಪಷ್ಟ ಕಾಣೋವು ಹನ್ನೊಂದು ಇದ್ವು. ಒಬ್ಬೊಬ್ಬರಿಗಿ ಫೋನ್ ಹಚ್ಚಿ ಕೇಳ್ಲತ್ತೀನಿ. ಆರು ಮಂದಿ ಇರ್ಲಿ ಅಂದಾರ, ಇಬ್ಬರು ಬ್ಯಾಡ ಅಂದಾರ, ಆ ಎರಡಕ್ಕ ಅರ್ಜಿ ಹಾಕೀನಿ. ಮೂರು ಮಂದಿ ಇನ್ನೂ ಸಿಕ್ಕಿಲ್ಲ. ಭಜ್ಜಿ, ಗುಂಬಜ, ಚೌಬಾರಾ, ಕರೇಜ, ಇವು ಅಲ್ಲೇ ಇರ್ತಾವ, ನೀವು ಎಷ್ಟೇ ಬೈರಿ.

ಔರಾದಕ್ಕ ಬರೋ ವಾರ ಹೋಗೋಳಿದ್ದೀನಿ. ಕಾಕಿ ಮಗ ಮಾತಾಡ್ತಾನೋ ಇಲ್ಲೋ ಗೊತ್ತಿಲ್ಲ. ಅಕ್ಕನ ಜೋಡಿ ಆ ಮನಿ ಅಂಗಳಕ್ಕ ಹೋಗಿ ನಿಂದರ್ತೀನಿ. ಫೋನ್ ಚೀಲದಾಗೇ ಇರ್ತದ. ನಿಮ್ಮ ಫೋನಿನಾಗೂ ಹುಡುಕ್ರಿ, ಯಾರ ಮಾರಿ ಯಾರಿಗಿ ಕೇಳದೇ ಎಲ್ಲಿಗಿ ಕಳಿಸೀರಿ ಅಂತ. ಹುಡುಕಿ ಆದ ಮ್ಯಾಲ ಗ್ರೂಪಿನಾಗ ಬರ್ರಿ, ಭಜ್ಜಿ ಜಗಳ ಆಗ ಮುಂದುವರಸೋಣು.